ನುಡಿಸಿದವರ ಪಾಲು ಎಲ್ಲಿ ಹೋಗುತ್ತದೆ?

ಓದುಗರ ಪತ್ರ: ಹದಿನೈದು ವರ್ಷದ ಹಿಂದೆ ಒಂದು ಹಾಡಿಗೆ ಕೊಳಲು ನುಡಿಸಿದೆ. ಹಾಡು ಇವತ್ತಿಗೂ ಓಡುತ್ತಿದೆ. ನನಗೆ ಬಂದದ್ದು ಆ ಒಂದು ದಿನದ ಸಂಭಾವನೆ ಮಾತ್ರ. ಕಾಪಿರೈಟ್ ಅವಧಿ ಹೆಚ್ಚಿಸಿದರೆ ನಮ್ಮಂಥವರಿಗೆ ಅನುಕೂಲ ಆಗುತ್ತದೆ, ಅಲ್ವಾ?

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅವಧಿ ಹೆಚ್ಚಿಸಿದರೆ ಅದು ತೀರುವುದಿಲ್ಲ.

ಒಂದು ಹಾಡಿನ ಮೇಲೆ ಎರಡು ಬಗೆಯ ಹಕ್ಕು ಇರುತ್ತದೆ. ಬರೆದವರದು, ರಾಗ ಹಾಕಿದವರದು ಒಂದು. ಧ್ವನಿಮುದ್ರಣದ್ದು ಇನ್ನೊಂದು. ನೀವು ಬರುವುದು ಈ ಎರಡನೆಯದರಲ್ಲಿ. ಸಾಮಾನ್ಯವಾಗಿ ರೆಕಾರ್ಡಿಂಗ್ ದಿನವೇ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಕಂಪನಿ ಅದನ್ನು ತನ್ನದು ಮಾಡಿಕೊಂಡಿರುತ್ತದೆ. ಬರೆದುಕೊಟ್ಟ ಮೇಲೆ ಹಕ್ಕು 50 ವರ್ಷ ಇದ್ದರೇನು, 70 ಇದ್ದರೇನು?

ಯುರೋಪ್ ಒಕ್ಕೂಟ 2011ರಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿಯನ್ನು 50 ವರ್ಷದಿಂದ 70ಕ್ಕೆ ಏರಿಸಿತು. ಜೊತೆಗೆ, ಒಂದೇ ಸಲ ಸಂಭಾವನೆ ಪಡೆದು ಹೋದವರಿಗಾಗಿ ಆ ಹೆಚ್ಚುವರಿ ವರ್ಷಗಳ ಆದಾಯದಲ್ಲಿ ಶೇ 20 ತೆಗೆದಿಡಬೇಕು ಅಂತಲೂ ಬರೆಯಿತು. ಸುಮ್ನೆ ವರ್ಷ ಕೂಡಿಸಿದರೆ ದುಡ್ಡು ನಿಮ್ಮ ತನಕ ಬರುವುದಿಲ್ಲ ಅಂತ ಅವರಿಗೂ ಗೊತ್ತಿತ್ತು ಅನ್ನಿ.

ರಾಯಲ್ಟಿ, ಅಂದರೆ ಹಾಡಿನ ಆದಾಯದಲ್ಲಿ ಇಷ್ಟು ಪಾಲು, ಅಂತ ಒಪ್ಪಂದ ಇರುವ ಗಾಯಕರೂ ಸುಖವಾಗಿಲ್ಲ. ಲೆಕ್ಕಕ್ಕೆ, ಮುಂಗಡ 1 ಲಕ್ಷ, ರಾಯಲ್ಟಿ ಶೇ 10 ಅಂದುಕೊಳ್ಳಿ. ಮುಂಗಡ ಮುರಿದುಕೊಳ್ಳುವುದು ಗಾಯಕರ ಶೇ 10ರಲ್ಲಿ. ಹಾಗಾಗಿ ಹಾಡು 10 ಲಕ್ಷ ದುಡಿಯುವ ತನಕ ಅವರಿಗೆ ಹೊಸದಾಗಿ ಒಂದು ಕಾಸೂ ಇಲ್ಲ. ಅಷ್ಟರಲ್ಲಿ ಕಂಪನಿ ತಾನು ಕೊಟ್ಟ ಮುಂಗಡದ ಹತ್ತು ಪಟ್ಟು ಎಣಿಸಿಕೊಂಡಿರುತ್ತದೆ. ಓಡದ ಹತ್ತಾರು ಹಾಡುಗಳ ನಷ್ಟವನ್ನು ಓಡಿದ ಒಂದು ಹಾಡು ತುಂಬಬೇಕು ಅನ್ನುವುದು ಕಂಪನಿಯವರ ವಾದ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ನಷ್ಟ ನಿಮ್ಮ ಕೊಳಲಿನಿಂದ ಆದದ್ದಲ್ಲವಲ್ಲ!

ಸ್ಟ್ರೀಮಿಂಗ್‌ನಲ್ಲೂ ಒಂದು ಸಲ ಕೇಳಿದರೆ ಇಷ್ಟು ಅಂತ ಕಟ್ಟಿಟ್ಟ ದರ ಸಾಮಾನ್ಯವಾಗಿ ಇರುವುದಿಲ್ಲ. ತಿಂಗಳ ಹಣವನ್ನೆಲ್ಲ ರಾಶಿ ಹಾಕಿ, ಯಾವ ಹಾಡು ಎಷ್ಟು ಸಲ ಓಡಿತು ಅಂತ ನೋಡಿ ಹಂಚುತ್ತಾರೆ. ಅದೂ ಹೋಗುವುದು ಹಕ್ಕು ಇಟ್ಟುಕೊಂಡವರಿಗೆ.

ನನಗೆ ಜಾಸ್ತಿ ನಂಬಿಕೆ ಇರುವುದು ಬೇರೆ ದಾರಿಯ ಮೇಲೆ. ರೆಕಾರ್ಡ್ ಪ್ರಸಾರ ಮಾಡಿದವರು ಕಲಾವಿದರಿಗೋ ನಿರ್ಮಾಪಕರಿಗೋ ಇಬ್ಬರಿಗೋ ನ್ಯಾಯವಾದ ಸಂಭಾವನೆ ಕೊಡಬೇಕು ಅಂತ 1961ರ ರೋಮ್ ಒಪ್ಪಂದದಲ್ಲೇ ಇದೆ. ಅಮೆರಿಕದಲ್ಲಿ ಇಂಟರ್ನೆಟ್ ರೇಡಿಯೋ ಹಣವನ್ನು ಸೌಂಡ್‌ಎಕ್ಸ್‌ಚೇಂಜ್ ಅನ್ನುವ ಸಂಸ್ಥೆ ವಸೂಲಿ ಮಾಡಿ ಹಂಚುವ ರೀತಿ ನೋಡಿ: ನೂರರಲ್ಲಿ 50 ಧ್ವನಿಮುದ್ರಣದ ಒಡೆಯರಿಗೆ, 45 ಮುಖ್ಯ ಕಲಾವಿದರಿಗೆ, 5 ಹಿನ್ನೆಲೆ ವಾದ್ಯಗಾರರಿಗೆ ಮತ್ತು ಸಹಗಾಯಕರಿಗೆ. ಕಲಾವಿದರ ಪಾಲು ಕಂಪನಿಯ ಕೈ ದಾಟಿ ಬರಬೇಕಾಗಿಲ್ಲ, ಆದ್ದರಿಂದ ಮುಂಗಡಕ್ಕೆ ಮುರಿದುಕೊಳ್ಳಲು ಆಗುವುದಿಲ್ಲ. (ಅದೇ ದೇಶದ ಎಫ್‌ಎಂ ಕೇಂದ್ರಗಳು ಹಾಡಿದವರಿಗೆ ಏನೂ ಕೊಡಬೇಕಾಗಿಲ್ಲ, ಹಾಡು ಬರೆದವರಿಗೆ ಮಾತ್ರ ಕೊಡುತ್ತವೆ. ವಿಚಿತ್ರ!)

ಐದು ಅಂದರೆ ಸಣ್ಣ ಪಾಲು, ನಿಜ. ಅದಕ್ಕೂ ನೀವು ನುಡಿಸಿದ್ದೀರಿ ಅಂತ ಎಲ್ಲಾದರೂ ದಾಖಲಾಗಿರಬೇಕು. ಕೊಳಲು ಯಾರದ್ದು ಅಂತ ಬರೆಯದ ಹಾಡಿಗೆ ಬಂದ ಹಣ ವಾರಸುದಾರರಿಲ್ಲದೆ ಕೂತಿರುತ್ತದೆ. ಅವತ್ತಿನ ರೆಕಾರ್ಡಿಂಗ್ ರಸೀದಿ ಇನ್ನೂ ನಿಮ್ಮ ಹತ್ತಿರ ಇದೆಯೇ?