ಮೂರನೆಯ ಸಲದ ನೀಟ್ ಮತ್ತು ಹೇಳದೆ ಉಳಿದ ಕಾರಣ

ನೀಟ್ ಫಲಿತಾಂಶ ಬಂದ ಮೇಲಿನ ಕೆಲವು ವಾರ ಕಲಬುರಗಿಯಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ಪಾಲಕರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ: ಪಿಯುಸಿ ಮುಗಿದ ಮಗನನ್ನೋ ಮಗಳನ್ನೋ ಇನ್ನೊಂದು ವರ್ಷ ಲಾಂಗ್ ಟರ್ಮ್ ತರಬೇತಿಗೆ ಕಳಿಸಬೇಕೋ ಬೇಡವೋ. ನೀಟ್ ಬರೆಯಲು ಇಷ್ಟೇ ಸಲ ಎಂಬ ಮಿತಿಯಿಲ್ಲ, ವಯಸ್ಸಿನ ಮೇಲ್ಮಿತಿಯೂ ಇಲ್ಲ. ಬೀದರ್, ಲಾತೂರ್, ಹೈದರಾಬಾದ್‌ನ ತರಬೇತಿ ಕೇಂದ್ರಗಳು ಯಾರನ್ನೂ ಬೇಡವೆನ್ನುವುದಿಲ್ಲವಾದ್ದರಿಂದ, ಸಾಕು ಎಂಬ ಮಾತನ್ನು ಮನೆಯವರೇ ಆಡಬೇಕಾಗುತ್ತದೆ. ಸಾಮಾನ್ಯವಾಗಿ ಪಾಲಕರು ಇನ್ನೊಮ್ಮೆ ಬರೆ ಎನ್ನುತ್ತಾರೆ, ಮಕ್ಕಳು ಒಲ್ಲೆನೆನ್ನುತ್ತಾರೆ. ಆದರೆ ಅಂಕ ಇಳಿಯುತ್ತಿದ್ದರೂ ತಾನೇ ಹಟ ಹಿಡಿದು ಮತ್ತೆ ಬರೆಯುತ್ತೇನೆನ್ನುವ ಹೆಣ್ಣುಮಕ್ಕಳು ಈಚೆಗೆ ಹೆಚ್ಚಾಗಿ ಬರುತ್ತಿದ್ದಾರೆ. ಅಂಥ ಒಂದು ಪ್ರಕರಣವನ್ನು, ಆ ಹುಡುಗಿಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗಿಗೆ ಹತ್ತೊಂಬತ್ತು ವರ್ಷ. ತಂದೆ ತೊಗರಿ ಬೆಳೆಯುವ ಒಕ್ಕಲಿಗರು. ಆಕೆಯ ಕೆಳಗೆ ಇಬ್ಬರು ಮಕ್ಕಳು. ಮೊದಲ ಮಾತು ಆಡಿದವರು ತಂದೆ: "ಎರಡು ಸಲ ಬರದಾಳ್ರಿ ಮೇಡಂ. ಈ ಸಲ ಮೊದಲಿನಕಿಂತ ಕಡಿಮಿ ಬಂದಾವ. ಆದ್ರೂ ಇನ್ನೊಮ್ಮಿ ಬರಿತೀನಿ ಅಂತಾಳ. ರೊಕ್ಕ ಹೆಂಗರ ಮಾಡಿ ಕಟ್ಟತೀನ್ರಿ, ಆದ್ರ ಖರೇ ಆಗ್ತದೇನು ನೀವೇ ನೋಡಿ ಹೇಳ್ರಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಮಗಳ ಮೇಲಿನ ನಂಬಿಕೆಯಿತ್ತು; ಮುಂದಿನ ಸಂಗತಿಯನ್ನು ಓದುವಾಗ ಇದನ್ನು ಮರೆಯಬಾರದು.

ತರಬೇತಿ ಕೇಂದ್ರದ ವಾರದ ಪರೀಕ್ಷೆಗಳ ಅಂಕದ ಚೀಟಿಗಳನ್ನು ತರಲು ಮೊದಲೇ ಹೇಳಿದ್ದೆ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದವು ತಲಾ 45; ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಆಕೆಯ ಜೀವಶಾಸ್ತ್ರದ ಅಂಕಗಳು ಚೆನ್ನಾಗಿದ್ದವು. ಭೌತಶಾಸ್ತ್ರದ ಸಾಲಿನಲ್ಲಿ ದೀಪಾವಳಿಯ ನಂತರ ಸರಿ ಉತ್ತರ ಹಾಗಿರಲಿ, ತಪ್ಪು ಉತ್ತರವೂ ಇರಲಿಲ್ಲ. ಹೆಣಗುತ್ತಿರುವ ವಿದ್ಯಾರ್ಥಿ ಅಂದಾಜಿನಲ್ಲಾದರೂ ಏನಾದರೊಂದನ್ನು ಗುರುತಿಸುತ್ತಾನೆ; ಈಕೆ ಆ ವಿಷಯವನ್ನು ಕೈಬಿಟ್ಟು ತಿಂಗಳುಗಳೇ ಆಗಿದ್ದವು. ಸೀಟು ಬೇಕೆನ್ನುವವರು ಹೀಗೆ ಮಾಡುವುದಿಲ್ಲ.

ತಂದೆಯವರನ್ನು ಚಹಾ ಕುಡಿದು ಬರಲು ಕಳಿಸಿ, ಮೂರನೆಯ ವರ್ಷ ಭೌತಶಾಸ್ತ್ರಕ್ಕೆ ಏನು ಮಾಡಬೇಕೆಂದಿದ್ದೀಯೆಂದು ಕೇಳಿದೆ. ಆಕೆ ಚೀಟಿಗಳ ಅಂಚನ್ನು ಒಂದಕ್ಕೊಂದು ಸರಿಹೊಂದಿಸುತ್ತ ಬಹಳ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು: "ನಾ ಸೀಟು ಸಿಗ್ತದ ಅಂತ ಬರಿಲಾಕತ್ತಿಲ್ರಿ ಮೇಡಂ. ನೀಟ್ ಓದ್ಲಾಕತ್ತಾಳ ಅಂದ್ರ ನೋಡ್ಲಾಕ ಯಾರೂ ಬರಂಗಿಲ್ರಿ."

ಸೋದರತ್ತೆಯ ಮನೆಯವರು ಪಿಯುಸಿ ಮುಗಿದಾಗಿನಿಂದ ಕೇಳುತ್ತಿದ್ದರು. ಅತ್ತೆಯ ಮಗನ ಮೇಲೆ ದೂರೇನೂ ಇರಲಿಲ್ಲ. "ಛಲೋ ಇದಾನ್ರಿ, ಆದ್ರ ನಂಗ ಈಗ ಬ್ಯಾಡ್ರಿ" ಎಂದಳು. ಡಾಕ್ಟರ್ ಆಗುವ ಹುಡುಗಿಯ ಮದುವೆಗೆ ಯಾರೂ ಅವಸರ ಮಾಡುವುದಿಲ್ಲ, ಬಿಎಸ್ಸಿ ಓದುವ ಹುಡುಗಿಯನ್ನು ಮೊದಲ ವರ್ಷದಲ್ಲೇ ಬಿಡಿಸಿ ಮದುವೆ ಮಾಡಿದ್ದನ್ನು ತನ್ನ ಓಣಿಯಲ್ಲೇ ಕಂಡಿದ್ದಾಳೆ ಎಂಬುದು ಆಕೆಯ ಲೆಕ್ಕ. ಆ ಲೆಕ್ಕ ತಪ್ಪೆಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ಆದರೆ ಹೀಗೆ ಕೊಂಡ ಒಂದೊಂದು ವರ್ಷವೂ ಕೈಯಲ್ಲಿ ಏನನ್ನೂ ಉಳಿಸದೆ ಹೋಗುತ್ತದೆ, ಮೂರನೆಯ ಸೋಲಿನ ನಂತರ ಓದಿನಲ್ಲಿ ಹುರುಳಿಲ್ಲವೆಂಬ ಮಾತಿಗೆ ಮನೆಯವರಿಗೆ ಪುರಾವೆಯೇ ಸಿಗುತ್ತದೆ ಎಂದು ಹೇಳಿದೆ.

ಸಿಇಟಿ ಬರೆದಿದ್ದೀಯಾ ಎಂದು ಕೇಳಿದ ಮೇಲೆಯೇ ಆಕೆಯ ಮುಖ ಬದಲಾದದ್ದು. ಬರೆದಿದ್ದಳು, ಅಷ್ಟೇ ಅಲ್ಲ, ಅರ್ಜಿಯಲ್ಲಿ ಕೃಷಿಕರ ಕೋಟಾ ಕೇಳಿ, ಬಿಎಸ್ಸಿ ಕೃಷಿಯ ಪ್ರಾಯೋಗಿಕ ಪರೀಕ್ಷೆಗೂ ಹೋಗಿಬಂದಿದ್ದಳು. ಅಲ್ಲಿ ಇಟ್ಟಿದ್ದ ಬೀಜಗಳನ್ನು ಗುರುತಿಸಿದ್ದನ್ನು ಹೇಳುವಾಗ, ತಮ್ಮ ಹೊಲದಲ್ಲಿ ನೆಟೆ ರೋಗದಿಂದ ತೊಗರಿ ಒಣಗಿದ್ದು, ಮರುವರ್ಷ ಅಪ್ಪ ಆ ರೋಗವನ್ನು ತಡೆಯುವ ಟಿಎಸ್-3ಆರ್ ತಳಿ ಬಿತ್ತಿದ್ದು, ಹಳೆಯದು ಹೊಸದು ಎರಡೂ ಬೀಜ ಕೈಯಲ್ಲಿ ಹಿಡಿದರೆ ಹೇಗೆ ಬೇರೆಯಾಗಿ ಕಾಣುತ್ತವೆಂಬುದು ಎಲ್ಲವೂ ಬಂತು. ಅಲ್ಲಿಯವರೆಗೆ ಒಂದು ಪೂರ್ಣ ವಾಕ್ಯಕ್ಕೂ ತಡವರಿಸುತ್ತಿದ್ದವಳು ಇವಳೇ. ಇದು ಮನೆಯಲ್ಲಿ ಯಾರಿಗೆ ಗೊತ್ತು ಎಂದರೆ, "ಅವ್ವಗ ಗೊತ್ತದರಿ. ಫಾರ್ಮ್ ತುಂಬ್ಲಾಕ ರೊಕ್ಕ ಕೊಟ್ಟಾಕಿ ಆಕಿನೇ. ಅಪ್ಪಗ ನೀಟಿಂದೇ ಅದ ಅಂತ ಹೇಳ್ಯಾಳ್ರಿ."

ನಾನು ಕೊಟ್ಟ ಸಲಹೆ ಹೀಗಿತ್ತು. ಮೂರನೆಯ ಸಲ ನೀಟ್ ಬೇಡ. ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕೋರ್ಸ್, ಕಾಲೇಜುಗಳನ್ನು ಆದ್ಯತೆಯಂತೆ ನಮೂದಿಸುವಾಗ, ಬಿಎಸ್ಸಿ ಕೃಷಿಯನ್ನು ಮೇಲಿಟ್ಟು, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳನ್ನು, ಅಂದರೆ ಕಲಬುರಗಿ, ಭೀಮರಾಯನಗುಡಿ, ರಾಯಚೂರುಗಳನ್ನು ಮೊದಲು ಹಾಕಬೇಕು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಇಲ್ಲಿಯವರಿಗೆ ಶೇ. 70ರಷ್ಟು ಸೀಟುಗಳಿರುವುದರಿಂದ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರವನ್ನು ಜೋಪಾನವಾಗಿಟ್ಟುಕೊಳ್ಳಬೇಕು. ಕೋರ್ಸ್ ನಾಲ್ಕು ವರ್ಷದ್ದು, ಅದರಲ್ಲಿ ಹಳ್ಳಿಯಲ್ಲಿದ್ದು ಮಾಡುವ ಕೃಷಿ ಕಾರ್ಯಾನುಭವವೂ ಸೇರಿದೆ. ಆಕೆಗೆ ಬೇಕಾಗಿದ್ದ ಕಾಲಾವಕಾಶ ಇಲ್ಲಿ ಪದವಿಯ ಜೊತೆಗೇ ಸಿಗುತ್ತಿತ್ತು.

ತಂದೆಯವರು ಒಳಗೆ ಬಂದಾಗ ಮಗಳು ಹೇಳಿದ ಕಾರಣವನ್ನು ನಾನು ಹೇಳಲಿಲ್ಲ. ಚೀಟಿಗಳನ್ನು ತೋರಿಸಿ, ಭೌತಶಾಸ್ತ್ರ ಹೀಗಿರುವಾಗ ಮೆಡಿಕಲ್ ಸೀಟು ದೂರದ ಮಾತು ಎಂದೆ. ಸಿಇಟಿಯ ವಿಷಯವನ್ನು ಮಗಳೇ ಹೇಳಿದಳು. ಅವರು ಬಹಳ ನೊಂದು ಕೇಳಿದ ಪ್ರಶ್ನೆಗೆ ಉತ್ತರಿಸುವುದು ಸುಲಭವಾಗಿರಲಿಲ್ಲ: "ಒಕ್ಕಲುತನ ಬ್ಯಾಡಂತ ಓದಿಸ್ಲಾಕತ್ತೀವ್ರಿ. ಮತ್ತ ಅದನ್ನೇ ಓದಬೇಕಾ?" ರೈತ ಸಂಪರ್ಕ ಕೇಂದ್ರದಲ್ಲಿ ಅವರು ಬೀಜಕ್ಕಾಗಿ ಯಾರ ಮುಂದೆ ನಿಲ್ಲುತ್ತಾರೋ ಆ ಅಧಿಕಾರಿ ಓದಿರುವುದು ಇದನ್ನೇ, ಬ್ಯಾಂಕಿನ ಕೃಷಿ ಅಧಿಕಾರಿ ಓದಿರುವುದೂ ಇದನ್ನೇ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಹಾಸ್ಟೆಲ್ ಇದೆಯೇ ಎಂದು ವಿಚಾರಿಸಿದರು. ಆಗ ನಾನು ಬೇಕೆಂದೇ ಒಂದು ಮಾತು ಸೇರಿಸಿದೆ: ನಡುವೆ ಬಿಡಿಸುವುದಿದ್ದರೆ ಈಗಲೇ ಹೇಳಿ, ಆ ಸೀಟು ಇನ್ನೊಬ್ಬ ರೈತರ ಮಗಳಿಗಾದರೂ ಸಿಗಲಿ. "ನಡುವ ಬಿಡಸಾಂವ ಅಲ್ರಿ ನಾ" ಎಂದರು, ತುಸು ಗಡುಸಾಗಿಯೇ. ಮಗಳು ಅದನ್ನು ಕೇಳಿಸಿಕೊಂಡಳು.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಒಬ್ಬರು ಆಕ್ಷೇಪಿಸಿದರು: ಕುಟುಂಬದೊಂದಿಗೆ ಮದುವೆಯ ವಿಷಯವನ್ನು ನೇರವಾಗಿ ಮಾತನಾಡದೆ, ಹುಡುಗಿಗೆ ತಪ್ಪಿಸಿಕೊಳ್ಳುವ ದಾರಿಯನ್ನಷ್ಟೇ ತೋರಿಸಿದ್ದೀರಿ. ಆಕ್ಷೇಪದಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಆಪ್ತಸಲಹೆಯಲ್ಲಿ ಹೇಳಿದ ಮಾತು ಹೇಳಿದವರದು, ಅದನ್ನು ತಂದೆಯ ಮುಂದಿಡುವ ಹಕ್ಕು ನನಗಿಲ್ಲ. ಎರಡನೆಯದಾಗಿ, ಬಾಲ್ಯವಿವಾಹ ನಿಷೇಧ ಕಾಯ್ದೆಯ ಕಾವಲು ಹುಡುಗಿಗೆ ಹದಿನೆಂಟು ತುಂಬುವವರೆಗೆ ಮಾತ್ರ. ಕರ್ನಾಟಕವು 2016ರ ತಿದ್ದುಪಡಿಯಿಂದ ಅಂಥ ಮದುವೆಯನ್ನು ಮೂಲತಃ ಅಸಿಂಧುವೆಂದೇ ಮಾಡಿದೆ, ಆದರೆ ಹತ್ತೊಂಬತ್ತರ ಹುಡುಗಿಯ ಮೇಲಿನ ನಯವಾದ ಒತ್ತಡಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆ ವಯಸ್ಸಿನಲ್ಲಿ ಆಕೆಯ ಬೇಡವೆಂಬ ಮಾತಿಗೆ ತೂಕ ಕೊಡುವುದು ಅರ್ಧಕ್ಕೆ ಬಿಡಲಾಗದ ಒಂದು ಕೋರ್ಸ್, ಮನೆಯಿಂದ ಹೊರಗಿನ ಒಂದು ಹಾಸ್ಟೆಲ್, ತಂದೆ ನಾಲ್ಕು ಜನರಿಗೆ ಹೇಳಿಕೊಳ್ಳಬಹುದಾದ ಒಂದು ಕಾರಣ. ಸಂಬಂಧಿಕರೆದುರು ಆ ತಂದೆಗೂ ಇಂಥದೊಂದು ಕಾರಣ ಬೇಕಾಗಿತ್ತೆಂಬ ಅನುಮಾನ ನನಗೆ ಈಗಲೂ ಇದೆ.

ಹುಡುಗಿಗೆ ಆ ವಿಶ್ವವಿದ್ಯಾಲಯದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅತ್ತೆಯ ಮನೆಯವರು ಕೇಳುವುದನ್ನು ನಿಲ್ಲಿಸಿಲ್ಲವಂತೆ. ಉತ್ತರವನ್ನು ಈಗ ತಂದೆಯೇ ಕೊಡುತ್ತಾರೆ.

ಪಿಯು ಉಪನ್ಯಾಸಕರಲ್ಲಿ ಒಂದು ವಿನಂತಿ. ನೀಟ್ ಗುಂಗಿನಲ್ಲಿರುವ ಹುಡುಗಿಯರಿಂದಲೂ ಸಿಇಟಿ ಅರ್ಜಿಯನ್ನು ತಪ್ಪದೆ ಹಾಕಿಸಿ, ರೈತರ ಮಕ್ಕಳಾದರೆ ಕೃಷಿಕರ ಕೋಟಾವನ್ನು ಅರ್ಜಿಯಲ್ಲಿಯೇ ಕೇಳಿಸಿ. ಲಾಂಗ್ ಟರ್ಮ್‌ನಲ್ಲಿರುವವರು ಆ ವರ್ಷದ ಸಿಇಟಿಯನ್ನು ಮತ್ತೆ ಬರೆಯಬೇಕೆಂಬುದು ಎಷ್ಟೋ ಮನೆಗಳಿಗೆ ತಿಳಿದಿರುವುದಿಲ್ಲ. ಪಾಲಕರು ಅಂಕಗಳನ್ನಷ್ಟೇ ನೋಡದೆ, ಯಾವ ವಿಷಯವನ್ನು ಮಗು ಮುಟ್ಟುತ್ತಲೇ ಇಲ್ಲವೆಂಬುದನ್ನೂ ನೋಡಬೇಕು. ನನ್ನ ಕೊಠಡಿಯಲ್ಲಂತೂ ಮತ್ತೆ ನೀಟ್ ಬರೆಯುವ ಪ್ರಶ್ನೆ ಬಂದಾಗಲೆಲ್ಲ ಪಾಲಕರನ್ನು ಸ್ವಲ್ಪ ಹೊತ್ತು ಹೊರಗೆ ಕೂಡಿಸುತ್ತೇನೆ; ಕೆಲವರಿಗೆ ಬೇಸರವಾಗುತ್ತದೆ, ಆದರೂ ಈ ಕ್ರಮವನ್ನು ಬಿಡುವುದಿಲ್ಲ.