ಎರೆಮಣ್ಣಿನ ಮೇಲಿನ ಹೊಸ ಮನೆಗೆ ಬಿರುಕು: ಮೊದಲು ನೀರು ನೋಡಿ

ಕುಂದಗೋಳ ಕಡೆ ಕಟ್ಟಿದ ಹೊಸ ಮನೆ, ಮೊದಲ ಬೇಸಿಗೆಗೇ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ ಅಂತ ಫೋಟೊ ಕಳಿಸಿದ್ದೀರಿ. ಬಹುತೇಕ ಕಾರಣ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಗೋಡೆಯನ್ನೂ ಜೊತೆಗೆ ಎಳೆಯುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ಹಿತ್ತಲ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು.

ಈಗಲೇ ಸಿಮೆಂಟ್ ಮೆತ್ತಿಸಬೇಡಿ, ಸುಮ್ನೆ ದುಡ್ಡು ದಂಡ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಆಚೀಚೆ ಒಂದೊಂದು ಚುಕ್ಕಿ ಇಟ್ಟು ತಿಂಗಳಿಗೊಮ್ಮೆ ಅಂತರ ಅಳೆಯಿರಿ.

ಆಮೇಲೆ ನೀರು. ಇದೇ ಮುಖ್ಯ. ಬಚ್ಚಲ ನೀರು ಗೋಡೆ ಬುಡದಲ್ಲೇ ಇಂಗುತ್ತಿದೆಯಾ? ಮಾಳಿಗೆಯ ಪೈಪು ಅಲ್ಲೇ ಸುರಿಯುತ್ತಿದೆಯಾ? ಎರಡನ್ನೂ ದೂರ ಒಯ್ಯಿರಿ. ಮನೆ ಸುತ್ತ ಮೂರು-ನಾಲ್ಕು ಅಡಿ ಅಗಲಕ್ಕೆ, ಹೊರಗೆ ಇಳಿಜಾರಾಗುವಂತೆ ಕಾಂಕ್ರೀಟ್ ಹಾಕಿಸಿ. ಅದು ಗೋಡೆಗೆ ಸೇರುವ ಸಂದಿಗೆ ಡಾಂಬರು ತುಂಬಿಸಿ. ಗೋಡೆ ಪಕ್ಕ ದೊಡ್ಡದಾಗುವ ಗಿಡ ಬೇಡ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಅಂತರ ಹೆಚ್ಚದಿದ್ದರೆ ಬಿರುಕು ಕೊರೆಸಿ, ತಂತಿ ಬಲೆ ಹೊಡೆಸಿ ಗಿಲಾವು ಮಾಡಿಸಿ. ಬಿರುಕಿನ ಅಗಲ 5 ಮಿ.ಮೀ. ದಾಟಿದರೆ ಅಥವಾ ಬೀಮಿಗೇ ಬಿರುಕು ಬಂದರೆ ಕಾಯಬೇಡಿ, ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ. ಬುನಾದಿ ಎರೆಮಣ್ಣು ದಾಟಿ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿದಿದೆಯೋ ಇಲ್ಲವೋ ಫೋಟೊ ನೋಡಿ ಹೇಳಲಾಗದು. ಗೌಂಡಿಯನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ, ಇಂಜಿನಿಯರ್ ಮೊದಲು ಕೇಳುವುದು ಅದನ್ನೇ.