ಅಮೆರಿಕದಿಂದ ತಂದ ಹಳೆಯ ಬೇಸ್ ಗಿಟಾರ್ ಮತ್ತು ವಾಲ್ವ್ ಆಂಪ್ ಕಲಬುರಗಿಯಲ್ಲಿ ನುಡಿಸಬಹುದೇ? ಏನೇನು ನೋಡಿಕೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿರುವ ಸಂಬಂಧಿಕರು 1973ರ ಫೆಂಡರ್ ಪ್ರಿಸಿಶನ್ ಬೇಸ್ ಮತ್ತು ಅದೇ ಕಾಲದ ಬಾಸ್‌ಮನ್ 100 ಹೆಡ್ (ಸ್ಪೀಕರ್ ಬೇರೆಯಾಗಿರುವ, ಗಾಜಿನ ವಾಲ್ವ್‌ಗಳ ಆಂಪ್) ಕೊಟ್ಟಿದ್ದಾರೆ, ಆಂಪ್ ಹಲವು ವರ್ಷ ಆನ್ ಆಗಿಲ್ಲ, ಕಲಬುರಗಿಯ ಮನೆಯಲ್ಲೂ ಊರ ಕಾರ್ಯಕ್ರಮಗಳಲ್ಲೂ ನುಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಗಿಟಾರಿನಿಂದಲ್ಲ, ಗೋಡೆಯ ಸಾಕೆಟ್‌ನಿಂದ ಶುರು ಮಾಡಿ. ಗಿಟಾರ್ ಒಂದು ವಾರ ಕೇಸಿನಲ್ಲಿದ್ದರೆ ಏನೂ ಆಗುವುದಿಲ್ಲ. ಆಂಪ್ ಮಾತ್ರ ಒಂದು ಸಲ ತಪ್ಪು ಸಾಕೆಟ್‌ಗೆ ಹೋದರೆ ಸಾಕು, ಕೆಟ್ಟುಹೋಗುತ್ತದೆ. ನಮ್ಮಲ್ಲಿ ಸಿಗುವ ಬಹಳಷ್ಟು ಎಕ್ಸ್‌ಟೆನ್ಷನ್ ಬೋರ್ಡ್‌ಗಳಲ್ಲಿ ಎಲ್ಲ ದೇಶದ ಪಿನ್ನೂ ಕೂರುವ ಸಾಕೆಟ್ ಇರುತ್ತದೆ. ಅಮೆರಿಕದ ಚಪ್ಪಟೆ ಪಿನ್ ಅದರೊಳಗೆ ಸಲೀಸಾಗಿ ಇಳಿದು, 120 ವೋಲ್ಟಿನ ಆಂಪ್‌ಗೆ ನೇರ 230 ವೋಲ್ಟ್ ಹೋಗುತ್ತದೆ. ಫ್ಯೂಸ್ ಹಾರಿ ಉಳಿದರೆ ಪುಣ್ಯ. ಉಳಿಯದಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳು, ಪವರ್ ಟ್ರಾನ್ಸ್‌ಫಾರ್ಮರ್ ಎರಡೂ ಹೋಗುತ್ತವೆ. ಹಾಗಾಗಿ ಈಗಲೇ ಆ ವೈರಿನ ತುದಿಗೆ ‘110 ವೋಲ್ಟ್ ಮಾತ್ರ’ ಎಂದು ಕೆಂಪು ಚೀಟಿ ಕಟ್ಟಿ (120 ಬಿಟ್ಟು 110 ಏಕೆ ಎಂಬುದು ಕೆಳಗಿದೆ). ಮನೆಯವರಿಗೂ ತಿಳಿಸಿ.

ಮೊದಲ ಕೆಲಸ ಅರ್ತಿಂಗ್. ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣು ಹಸಿಯಿದ್ದಾಗ ಒಳ್ಳೆಯ ಅರ್ತ್ ಕೊಡುತ್ತದೆ. ಏಪ್ರಿಲ್, ಮೇ ಬಂದರೆ ಅದೇ ಮಣ್ಣು ಬಿರುಕು ಬಿಟ್ಟು ಅರ್ತ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಬೇಸಿಗೆಯಲ್ಲಿ ಹೆಸರಿಗೆ ಮಾತ್ರ ಉಳಿಯುವುದು ಇದರಿಂದಲೇ. ಬೀದರ್ ಊರು ಕೂತಿರುವುದು ಜಂಬಿಟ್ಟಿಗೆಯ ಮೇಲೆ. ಅಲ್ಲಿ ಒಣ ಕಲ್ಲಿನಲ್ಲಿ ಬರೀ ಪೈಪ್ ಹೂತರೆ ಸಾಲದು, ಗುಂಡಿ ತೆಗೆದು ಇದ್ದಿಲು-ಉಪ್ಪು ಅಥವಾ ಬೆಂಟೊನೈಟ್ ಜೇಡಿಮಣ್ಣು ತುಂಬಲೇಬೇಕು. ಎರಡೂ ಕಡೆ ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ಮೀಟರ್ ಇಟ್ಟರೆ ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ತ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಕಡಿಮೆ ಬರಬೇಕು. ಆದರೆ ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಬಹಳ ಕಡಿಮೆ. ಅರ್ತ್ ಕೆಟ್ಟಿದ್ದರೂ ಅದು 230 ತೋರಿಸಬಲ್ಲದು. ನಿಜ ತಿಳಿಯುವುದು ಫೇಸ್-ಅರ್ತ್ ನಡುವೆ 100 ವ್ಯಾಟ್ ಬಲ್ಬ್ ಉರಿಸಿದಾಗ: ಪೂರ್ತಿ ಉರಿದರೆ ಸರಿ, ಮಂಕಾದರೆ ಅರ್ತ್ ಇಲ್ಲವೆಂದೇ ಲೆಕ್ಕ. ಈ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅರ್ತ್ ಕೆಟ್ಟಿದ್ದರೆ ಆ ಹೊತ್ತಿನಲ್ಲಿ ಫ್ರಿಜ್, ಕೂಲರ್‌ಗಳ ಮೈಗೂ ಕರೆಂಟ್ ಬರುತ್ತದೆ. ಅವುಗಳ ಪ್ಲಗ್ ತೆಗೆದಿರಬೇಕು, ಯಾರೂ ಮುಟ್ಟಬಾರದು. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಈ ಪರೀಕ್ಷೆಗೆ ಅದು ಬೀಳುತ್ತದೆ, ಅದು ಸರಿಯೇ. ಇಲ್ಲದಿದ್ದರೆ 30 ಮಿಲಿಆಂಪಿನದು ಹಾಕಿಸಿ.

ಇನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಪ್ರಯಾಣಕ್ಕೆಂದು ಮಾರುವ ಅಗ್ಗದವುಗಳಲ್ಲಿ ಔಟ್‌ಪುಟ್ ಎರಡೇ ಪಿನ್ನಿನದು, ಅರ್ತ್ ಅಲ್ಲೇ ನಿಂತುಹೋಗುತ್ತದೆ. ಒಳಗೆ ಒಂದೇ ಸುರುಳಿ ಇರುವುದರಿಂದ ಮೇನ್ಸ್ ಲೈನಿಗೂ ಆಂಪ್‌ಗೂ ಬೇರ್ಪಡೆಯೇ ಇರುವುದಿಲ್ಲ. ನಿಮಗೆ ಬೇಕಿರುವುದು ಪ್ರೈಮರಿ (ಒಳಬರುವ ಕಡೆಯ ಸುರುಳಿ), ಸೆಕೆಂಡರಿ (ಹೊರಹೋಗುವ ಕಡೆಯದು) ಎರಡೂ ಬೇರೆ ಬೇರೆ ಸುತ್ತಿದ, ಅರ್ತ್ ವೈರ್ ಆಂಪಿನ ಚಾಸಿವರೆಗೂ (ಒಳಗಿನ ಲೋಹದ ಚೌಕಟ್ಟು) ಹೋಗುವ, 750 ವಿಎ ತಾಳುವ ಟ್ರಾನ್ಸ್‌ಫಾರ್ಮರ್. 500 ಸಾಕಾಗಬಹುದು, ಆದರೆ ನಮ್ಮ ಬಿಸಿಲಿಗೆ 750 ತಣ್ಣಗಿರುತ್ತದೆ. ಇದನ್ನು ಊರಿನ ಒಳ್ಳೆಯ ವೈಂಡಿಂಗ್ ಅಂಗಡಿಯಲ್ಲೇ ಸುತ್ತಿಸಬಹುದು. ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು (ವಾಲ್ವ್‌ಗಳಿಗೂ ಸ್ಪೀಕರಿಗೂ ನಡುವಿನದು) ಮಾತ್ರ ಅಲ್ಲಿ ಕೊಡಬೇಡಿ. ಅದರ ಪ್ರೈಮರಿ, ಸೆಕೆಂಡರಿ ಪದರಗಳನ್ನು ಒಂದರ ನಡುವೆ ಒಂದು ಸುತ್ತಿರುತ್ತಾರೆ, ಮೋಟಾರ್ ಸುತ್ತುವ ರೀತಿಯಲ್ಲಿ ಸುತ್ತಿದರೆ ದನಿಯೇ ಹೋಗುತ್ತದೆ.

ಎಷ್ಟು ವೋಲ್ಟಿಗೆ ಸುತ್ತಿಸಬೇಕು ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು. 120 ಎಂದು ಬರೆದಿದೆ, 120 ಕೊಡೋಣ ಎನ್ನುತ್ತಾರೆ. ಆದರೆ ಆ ಆಂಪ್ ಅಮೆರಿಕದ 60 ಹರ್ಟ್ಜ್‌ಗೆ ಮಾಡಿದ್ದು, ನಮ್ಮದು 50. ಟ್ರಾನ್ಸ್‌ಫಾರ್ಮರ್ ಕೋರಿನ ಮೇಲೆ ಬೀಳುವ ಕಾಂತಭಾರ ವೋಲ್ಟನ್ನು ಹರ್ಟ್ಜ್‌ನಿಂದ ಭಾಗಿಸಿದಷ್ಟು. ಅಲ್ಲಿ 120 ಭಾಗ 60, ಅಂದರೆ 2. ಇಲ್ಲಿ 120 ಕೊಟ್ಟರೆ 2.4, ಶೇಕಡಾ 20 ಹೆಚ್ಚು. ಕೋರ್ ತುಂಬಿ ಟ್ರಾನ್ಸ್‌ಫಾರ್ಮರ್ ಕಾಯುತ್ತದೆ, ಗುಂಯ್‌ಗುಡುತ್ತದೆ. ಹಾಗೆಂದು 100ಕ್ಕೆ ಇಳಿಸಿದರೆ ವಾಲ್ವ್‌ಗಳ ಹೀಟರಿಗೆ 6.3 ವೋಲ್ಟ್ ಬದಲು 5.25 ಮಾತ್ರ ಸಿಗುತ್ತದೆ, ಅದೂ ಕೇಡು. 110ಕ್ಕೆ ನಿಲ್ಲಿಸಿದರೆ ಹೀಟರಿಗೆ ಸುಮಾರು 5.8, ಕೋರಿಗೆ ಶೇಕಡಾ 10 ಹೆಚ್ಚು ಭಾರ. ಎರಡನ್ನೂ ಆಂಪ್ ತಾಳಿಕೊಳ್ಳುತ್ತದೆ. ನನ್ನ ಆಯ್ಕೆ 110. ಜಪಾನಿನಲ್ಲಿ ಪೂರ್ವಕ್ಕೆ 50 ಹರ್ಟ್ಜ್, ಪಶ್ಚಿಮಕ್ಕೆ 60. ಅಲ್ಲಿನ 100 ವೋಲ್ಟಿನ ಆಂಪ್‌ಗಳಿಗೆ ಹರ್ಟ್ಜ್ ತಕರಾರಿಲ್ಲ, ಸರಿಯಾಗಿ 100 ಕೊಟ್ಟರೆ ಸಾಕು. ಹಳೆಯ ಬ್ರಿಟಿಷ್ ಆಂಪ್‌ಗಳು 240 ವೋಲ್ಟ್, 50 ಹರ್ಟ್ಜ್‌ಗೆ ಮಾಡಿದವು. ಮುಂದೆ ಇನ್ನೊಂದು ಆಂಪ್ ಕೊಳ್ಳುವುದಾದರೆ ನಮ್ಮ ಊರಿಗೆ ಅವೇ ಮೇಲು.

ಒಳಬರುವ 230 ಸ್ಥಿರವಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಕೂಲರ್‌ಗಳೆಲ್ಲ ಓಡುವಾಗ, ತಡರಾತ್ರಿ, ಹೀಗೆ ಒಂದು ವಾರ ಅಳೆದು ಬರೆದಿಡಿ. ಮೇನ್ಸ್ 250ಕ್ಕೆ ಏರಿದರೆ ನಿಮ್ಮ 110 ಹೋಗಿ 120 ಆಗುತ್ತದೆ. 190ಕ್ಕೆ ಇಳಿದರೆ 91. ಏರಿಳಿತ ಇಷ್ಟಿದ್ದರೆ ಸ್ಟೆಪ್‌ಡೌನ್‌ಗೂ ಮೊದಲು ಸರ್ವೋ ಸ್ಟೆಬಿಲೈಜರ್ ಹಾಕಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಈ ಆಂಪ್ ನಡೆಸಬೇಡಿ.

ಈಗ ಆಂಪ್ ಒಳಗೆ. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು, ಅದು ಜೀವ ತೆಗೆಯುವಷ್ಟು. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಕ್ಲಿಪ್ ವೈರ್ ಹಾಕಿ, ಒಂದು ತುದಿ ಚಾಸಿಗೆ, ಇನ್ನೊಂದು ಕೆಪಾಸಿಟರಿನ ಪ್ಲಸ್ಸಿಗೆ ಹತ್ತು ಸೆಕೆಂಡ್ ಹಿಡಿದು, ಆಮೇಲೆ ಮೀಟರಿನಲ್ಲಿ ನೋಡಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಪದ್ಧತಿ ಬೇಡ. ವಾಲ್ವ್ ರೇಡಿಯೊ ರಿಪೇರಿ ಮಾಡಿ ಗೊತ್ತಿರುವವರು ಸಿಕ್ಕರೆ ಅವರನ್ನೇ ಕೂರಿಸಿಕೊಳ್ಳಿ. ಈ ಆಂಪಿನ 12ಎಎಕ್ಸ್7 ವಾಲ್ವ್ ಅವರಿಗೆ ಇಸಿಸಿ83 ಎಂಬ ಹೆಸರಲ್ಲಿ ಗೊತ್ತಿರುತ್ತದೆ, 12ಎಟಿ7 ಅಂದರೆ ಇಸಿಸಿ81.

ಬದಲಿಸಲೇಬೇಕಾದ್ದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಐವತ್ತು ವರ್ಷ ಹಳೆಯವನ್ನು ‘ಇನ್ನೂ ನಡೀತಿದೆ’ ಎಂದು ಬಿಡಬೇಡಿ: ಒಣಗಿದ್ದರೆ ಗುಂಯ್ ಎನ್ನುತ್ತವೆ, ಶಾರ್ಟ್ ಆದರೆ ಪವರ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಒಯ್ಯುತ್ತವೆ. ಫೆಂಡರ್‌ನಲ್ಲಿ ಇವು ಚಾಸಿಯ ಮೇಲಿನ ತಗಡಿನ ಮುಚ್ಚಳದ ಕೆಳಗೆ ಇರುತ್ತವೆ. ಮೊದಲ ಜೋಡಿ ಸರಣಿಯಲ್ಲಿದ್ದು, ಒಂದೊಂದಕ್ಕೂ ಅಡ್ಡಲಾಗಿ ಒಂದು ರೆಸಿಸ್ಟರ್ ಇರುತ್ತದೆ, ಅದನ್ನೂ ಅಳೆದು ನೋಡಿ. ಮೌಲ್ಯ ಹಳೆಯದರಷ್ಟೇ ಇರಲಿ, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಬೇಡ, ತಾಪ ಗುರುತು 105 ಡಿಗ್ರಿಯದೇ ಇರಲಿ. ಬಯಸ್ ಕೆಪಾಸಿಟರ್ ಹಾಕುವಾಗ ಎಚ್ಚರ: ಬಯಸ್ ಎಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಮೈನಸ್ ವೋಲ್ಟೇಜ್, ಆದ್ದರಿಂದ ಅದರ ಪ್ಲಸ್ ಕಾಲು ಚಾಸಿಗೆ ಹೋಗಬೇಕು. ಕೈ ಅಭ್ಯಾಸದಲ್ಲಿ ತಿರುಗಿಸಿ ಹಾಕಿದರೆ ಬಯಸ್ ಸತ್ತು, 6ಎಲ್6 ವಾಲ್ವ್‌ಗಳ ಪ್ಲೇಟ್ ಕೆಂಪಗೆ ಕಾದು ನಾಲ್ಕೂ ಹೋಗುತ್ತವೆ. ಹಿಂಬದಿಯಲ್ಲಿ ಗ್ರೌಂಡ್ ಸ್ವಿಚ್ ಇದ್ದರೆ, ಅದರಿಂದ ಚಾಸಿಗೆ ಹೋಗುವ ಚಿಕ್ಕ ಕೆಪಾಸಿಟರನ್ನು ಕತ್ತರಿಸಿ ತೆಗೆಯಿರಿ. ಮೇನ್ಸ್ ಲೈನನ್ನು ಚಾಸಿಗೆ, ಅಲ್ಲಿಂದ ನಿಮ್ಮ ತಂತಿಗಳಿಗೆ ಜೋಡಿಸುವುದು ಅದೇ. ತೆಗೆದ ಪ್ರತಿ ಹಳೆಯ ಭಾಗವನ್ನೂ ಚೀಲದಲ್ಲಿ ಹಾಕಿ ಹೆಸರು ಬರೆದಿಡಿ, ಮುಂದೆ ಮಾರುವಾಗ ಅದಕ್ಕೆ ಬೆಲೆ ಇದೆ.

ಮೊದಲ ಸಲ ಆನ್ ಮಾಡುವಾಗ 230ರ ಕಡೆಯ ಫೇಸ್ ಲೈನಿನಲ್ಲಿ ಸರಣಿಯಾಗಿ 100 ವ್ಯಾಟಿನ ಹಳೆಯ ತಂತಿ ಬಲ್ಬ್ ಇರಲಿ, ಎಲ್‌ಇಡಿ ನಡೆಯುವುದಿಲ್ಲ. ವಾಲ್ವ್‌ಗಳನ್ನೆಲ್ಲ ತೆಗೆದು ಆನ್ ಮಾಡಿದರೆ ಬಲ್ಬ್ ಒಮ್ಮೆ ಬೆಳಗಿ ಮಂಕಾಗಬೇಕು. ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಮುಂದೆ ಹೋಗಬೇಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಬಾರದು. ಬಾಸ್‌ಮನ್ 100ಕ್ಕೆ 4 ಓಮ್ ಕ್ಯಾಬಿನೆಟ್ ಬೇಕು, ಮೀಟರಿನಲ್ಲಿ ಅದು 3ರಿಂದ 3.5 ತೋರಿಸುತ್ತದೆ. ಅದು ಮುಖ್ಯ ಸ್ಪೀಕರ್ ಜಾಕ್‌ಗೇ ಹೋಗಬೇಕು; ಆ ಜಾಕ್ ಖಾಲಿಯಿದ್ದರೆ ತಾನೇ ಶಾರ್ಟ್ ಆಗುತ್ತದೆ, ಪಕ್ಕದ ಜಾಕ್ ಒಂದಕ್ಕೇ ಹಾಕಿದವರು ಸದ್ದಿಲ್ಲವೆಂದು ಆಂಪನ್ನು ಬೈಯುತ್ತಾರೆ. ಗಿಟಾರ್ ಕೇಬಲನ್ನು ಸ್ಪೀಕರಿಗೆ ಬಳಸಬೇಡಿ.

ಸಪ್ಲೈ ಸ್ಥಿರವಾದ ಮೇಲೆ ಬಯಸ್ ನೋಡಿಸಿ, ಮೊದಲಲ್ಲ. 6ಎಲ್6ಜಿಸಿ ವಾಲ್ವಿನ ಪ್ಲೇಟ್ 30 ವ್ಯಾಟ್ ತಾಳುತ್ತದೆ, ಅದರ ಶೇಕಡಾ 65ರಷ್ಟು ಸಾಕು. ಪ್ಲೇಟಿನಲ್ಲಿ 480 ವೋಲ್ಟ್ ಇದ್ದರೆ ಒಂದೊಂದು ವಾಲ್ವಿಗೆ 40 ಮಿಲಿಆಂಪ್. ನಮ್ಮ ಬೇಸಿಗೆಗೆ ಇನ್ನೂ ಸ್ವಲ್ಪ ಕಡಿಮೆ ಇಟ್ಟರೂ ಬೇಸ್ ದನಿಗೆ ನಷ್ಟವಿಲ್ಲ. 6ಎಲ್6 ಸಿಗಲಿಲ್ಲವೆಂದು ಇಎಲ್34 ತುರುಕಬೇಡಿ: ಅದರ ಹೀಟರ್ 0.9 ಆಂಪ್ ಬದಲು 1.5 ಎಳೆಯುತ್ತದೆ. ಆನ್ ಮಾಡಿದಾಗ ಗುಂಯ್ ಸದ್ದು ಬಂದರೆ ಅದರ ಸ್ವರ ಕೇಳಿ: 100 ಹರ್ಟ್ಜ್‌ನ ಒರಟು ಸದ್ದಾದರೆ ಫಿಲ್ಟರ್ ಕೆಪಾಸಿಟರ್, 50 ಹರ್ಟ್ಜ್‌ನ ಮೆತ್ತನೆಯದಾದರೆ ಅರ್ತ್ ಸುತ್ತು (ಎರಡು ದಾರಿಯಲ್ಲಿ ಅರ್ತ್ ಸೇರಿರುವುದು) ಅಥವಾ ಹೀಟರ್ ವೈರಿಂಗ್. ಪಟಪಟ ಸದ್ದಿದ್ದರೆ ಒಣ ಬಿದಿರುಕಡ್ಡಿಯಿಂದ ಒಂದೊಂದೇ ಭಾಗವನ್ನು ತಟ್ಟಿ. ಬಹುತೇಕ ಸಿಕ್ಕಿಬೀಳುವುದು 100 ಕಿಲೋಓಮಿನ ಪ್ಲೇಟ್ ರೆಸಿಸ್ಟರ್.

ಗಿಟಾರಿನ ಕಡೆ ಬರೋಣ. ಅದು ನಿಜಕ್ಕೂ 1973ರದೇ ಎಂದು ನೋಡಲು ಪಾಟ್‌ಗಳ (ಒಳಗಿನ ವಾಲ್ಯೂಮ್, ಟೋನ್ ತಿರುಗಣೆಗಳು) ಮೇಲಿನ ಅಂಕಿ ಓದಿ. 137 ಇಂದ ಶುರುವಾದರೆ ತಯಾರಕರು ಸಿಟಿಎಸ್, 304 ಆದರೆ ಸ್ಟ್ಯಾಕ್‌ಪೋಲ್. ಮುಂದಿನ ಎರಡು ಅಂಕಿ ವರ್ಷ, ಕೊನೆಯ ಎರಡು ವಾರ. 1377314 ಎಂದರೆ 1973ರ 14ನೇ ವಾರ. ಗಿಟಾರ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಎಂದಷ್ಟೇ ಇದು ಹೇಳುತ್ತದೆ. ಬೆಸುಗೆ ಯಾರೂ ಮುಟ್ಟದೆ ಉಳಿದಿದೆಯೇ ಎಂದೂ ಜೊತೆಗೆ ನೋಡಿ. ತಂತಿಗಳ ಕೆಳಗಿನ, ಅವುಗಳ ಕಂಪನವನ್ನು ಸಿಗ್ನಲ್ ಮಾಡುವ ಎರಡು ತುಂಡಿನ ಪಿಕಪ್ 10ರಿಂದ 11 ಕಿಲೋಓಮ್ ಆಸುಪಾಸು ತೋರಿಸಬೇಕು. ಅರ್ಧವೇ ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಒಂದು ಸುರುಳಿ ಹೋಗಿದೆ. ಬ್ರಿಜ್‌ನಿಂದ ಜಾಕಿನ ಹೊರಮೈಗೆ ಸೊನ್ನೆಯ ಹತ್ತಿರ ಓಮ್ ಬರಬೇಕು. ಬರದಿದ್ದರೆ ಬ್ರಿಜ್ ಕೆಳಗಿನ ಅರ್ತ್ ತಂತಿ ತುಕ್ಕು ಹಿಡಿದಿದೆ. ಬಣ್ಣ ಮಾಸಿದೆ ಎಂದು ಹೊಸದಾಗಿ ಹೊಡೆಸಬೇಡಿ, ಬೆಲೆ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ.

45-105 ತಂತಿಗಳು (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ನೆಕ್ ಮೇಲೆ ಸುಮಾರು 80 ಕೆಜಿ ಎಳೆತ ಹಾಕುತ್ತವೆ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, 8ನೇ ಫ್ರೆಟ್ ಮೇಲಿನ ಸಂದು ಅಳೆಯಿರಿ: 0.30ರಿಂದ 0.35 ಮಿಮೀ ಇರಬೇಕು. 17ನೇ ಫ್ರೆಟ್‌ನಲ್ಲಿ ದಪ್ಪ ತಂತಿಗೆ 2.4 ಮಿಮೀ, ಸಣ್ಣದಕ್ಕೆ 2. ನೆಕ್ಕಿನ ಬಾಗು ಸರಿಮಾಡುವುದು ಒಳಗಿನ ಲೋಹದ ಟ್ರಸ್ ರಾಡ್; ನಿಮ್ಮ ಗಿಟಾರಿನಲ್ಲಿ ಅದರ ನಟ್ ನೆಕ್ಕಿನ ಬುಡದಲ್ಲಿದೆ, ತಂತಿ ಸಡಿಲಿಸಿ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ತೆಗೆಯಬೇಕು. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಜೋಡಿಸಿ, ಶ್ರುತಿ ಮಾಡಿ, ಅಳತೆ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ರಾಡ್ ತುಂಡಾದರೆ ನೆಕ್ ಹೋಯಿತು. ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸಾಯುತ್ತಿದ್ದರೆ ಅದು ಸೆಟಪ್ ದೋಷವಲ್ಲ. ಆ ಸ್ವರಕ್ಕೆ ನೆಕ್ಕೇ ಅದುರಿ ತಂತಿಯ ಶಕ್ತಿ ಹೀರುತ್ತದೆ, ಫೆಂಡರ್ ಬೇಸ್‌ಗಳಲ್ಲಿ ಇದು ಸಾಮಾನ್ಯ.

ಹವೆಯ ವಿಷಯದಲ್ಲಿ ನಮ್ಮ ಕಡೆ ದೊಡ್ಡ ಶತ್ರು ಬರೀ ಬಿಸಿಲಲ್ಲ, ಕೂಲರ್. ಒಣ ಕೋಣೆಯಲ್ಲಿ ಸಂಜೆ ಕೂಲರ್ ಹಾಕಿದ ಕೂಡಲೇ ತೇವ ಏರುತ್ತದೆ, ಬೆಳಿಗ್ಗೆ ಮತ್ತೆ ಇಳಿಯುತ್ತದೆ. ಈ ಏರಿಳಿತಕ್ಕೆ ನೆಕ್ ಅಲುಗುತ್ತದೆ, ತಂತಿ-ಫ್ರೆಟ್ ತುಕ್ಕು ಹಿಡಿಯುತ್ತವೆ. ಕೂಲರ್ ಗಾಳಿ ಬೀಳದ ಕೋಣೆಯಲ್ಲಿ, ಒಳಗೋಡೆಯ ಬದಿ, ಕೇಸಿನಲ್ಲಿಡಿ. ಒಳಗೊಂದು ಸಣ್ಣ ತೇವಮಾಪಕ ಇರಲಿ, ಶೇಕಡಾ 45ರಿಂದ 55 ಗುರಿ. ಮಳೆಗಾಲದಲ್ಲಿ ಕೇಸನ್ನು ನೇರ ಫರಸಿ ಮೇಲೆ ಮಲಗಿಸಬೇಡಿ, ಕೆಳಗೆ ಮರದ ಪಟ್ಟಿ ಕೊಡಿ. ಸೆಟಪ್ ಮಾರ್ಚ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನೋಡಿದರೆ ಸಾಕು.

ಗಣಪತಿ ಪೆಂಡಾಲ್, ಚರ್ಚ್ ಕಾರ್ಯಕ್ರಮಗಳಿಗೆ ಒಯ್ಯುವಾಗ ಒಂದು ಪರೀಕ್ಷೆ ತಪ್ಪಿಸಬೇಡಿ. ಹಾಡುವವರ ಮೈಕ್ ಒಂದು ಲೈನಿನಲ್ಲಿ, ನಿಮ್ಮ ಆಂಪ್ ಜನರೇಟರಿನಲ್ಲಿ ಇದ್ದರೆ, ಮೈಕಿನ ಜಾಲರಿಗೂ ನಿಮ್ಮ ತಂತಿಗೂ ನಡುವೆ ವೋಲ್ಟೇಜ್ ಇರಬಹುದು. ತಂತಿ ಹಿಡಿದು ಮೈಕಿಗೆ ತುಟಿ ತಾಗಿಸುವ ಮೊದಲು ಮೀಟರನ್ನು ಎಸಿಯಲ್ಲಿಟ್ಟು ಇವೆರಡರ ನಡುವೆ ಅಳೆಯಿರಿ. ಎರಡು ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ಸೌಂಡ್‌ನವರಿಗೆ ಹೇಳಿ, ಮಿಕ್ಸರ್, ಆಂಪ್ ಎರಡನ್ನೂ ಒಂದೇ ಬೋರ್ಡಿಗೆ, ಒಂದೇ ಅರ್ತಿಗೆ ತರಿಸಿ. ಜನರೇಟರಿಗೆ ಅರ್ತ್ ಸರಳು ಹೊಡೆದಿಲ್ಲದಿದ್ದರೆ ಅಂದು ಈ ಆಂಪ್ ಬಿಚ್ಚಲೇಬೇಡಿ, ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಮೂಲಕ ಗಿಟಾರನ್ನು ನೇರ ಮಿಕ್ಸರಿಗೆ ಹಾಕಿ.